ತೂಕದ ಬೆಲೆ, ಹೆಸರಿನ ಬೆಲೆ: ಹಳೆಯ ನಾಣ್ಯಗಳ ಕ್ರಯವಿಕ್ರಯ ಮತ್ತು ಪರೀಕ್ಷೆಯ ಪರಂಪರೆ (ಧಾರಾವಿಯ ಕನ್ನಡಿಗರ ಹಿನ್ನೆಲೆಯಲ್ಲಿ)

೧

ನಾಣ್ಯಗಳನ್ನು ಕುರಿತ ನಮ್ಮ ಅಧ್ಯಯನಗಳು ಸಾಮಾನ್ಯವಾಗಿ ಅವುಗಳನ್ನು ಟಂಕಿಸಿದವರ ಕಡೆಯಿಂದ ಆರಂಭವಾಗುತ್ತವೆ. ರಾಜವಂಶ, ಲಾಂಛನ, ಬಿರುದು, ಲಿಪಿ, ತೂಕ ಎಂಬ ಕ್ರಮದಲ್ಲಿ ವಿವರಗಳು ಬರುತ್ತವೆ. ನಾಣ್ಯವನ್ನು ಅಂಗೈಯಲ್ಲಿ ಹಿಡಿದು, ಇದು ಸಲ್ಲುವುದೋ ಸಲ್ಲದೋ, ಸಲ್ಲುವುದಾದರೆ ಎಷ್ಟಕ್ಕೆ ಎಂದು ಚಿಂತಿಸಿದವನ ಕಡೆಯಿಂದ ಬರೆದ ಚರಿತ್ರೆ ವಿರಳ. ಆದರೆ ನಾಣ್ಯದ ಇತಿಹಾಸದಲ್ಲಿ ಅರಸನಷ್ಟೇ ಮುಖ್ಯನಾದವನು ಈ ಎರಡನೆಯ ವ್ಯಕ್ತಿ. ಅವನು ಮೋಸ ಹೋಗದಿರಲು ಕಂಡುಕೊಂಡ ಉಪಾಯಗಳೇ ನಾಣ್ಯಪರೀಕ್ಷೆ ಎಂಬ ಶಾಸ್ತ್ರಕ್ಕೆ ಮೂಲವಾದುವು.

ಪ್ರಸ್ತುತ ಲೇಖನದಲ್ಲಿ ಒಂದು ಪ್ರಮೇಯವನ್ನು ಮುಂದಿಡಲಾಗಿದೆ. ಯಾವ ನಾಣ್ಯಕ್ಕಾದರೂ ಎರಡು ಬೆಲೆಗಳುಂಟು. ಒಂದು ಅದರಲ್ಲಿರುವ ಲೋಹದ ಬೆಲೆ. ಇದನ್ನು ತೂಕದ ಬೆಲೆ ಎನ್ನೋಣ. ಇನ್ನೊಂದು ಅದರ ಮೇಲಿನ ಅಚ್ಚು, ಇಸವಿ, ಟಂಕಸಾಲೆ, ವಿರಳತೆಗಳಿಂದ ಬರುವ ಬೆಲೆ. ಇದನ್ನು ಹೆಸರಿನ ಬೆಲೆ ಎನ್ನೋಣ. ನಾಣ್ಯವ್ಯವಹಾರದ ವಂಚನೆಗಳು ಬಹುಮಟ್ಟಿಗೆ ಈ ಎರಡರ ನಡುವಣ ಅಂತರದಲ್ಲೇ ನಡೆದಿವೆ. ಹೆಸರಿನ ಬೆಲೆಯುಳ್ಳದ್ದನ್ನು ತೂಕಕ್ಕೆ ಮಾರಿದವನೂ, ತೂಕದ ಬೆಲೆಯಷ್ಟೇ ಇರುವುದನ್ನು ಹೆಸರಿಗೆ ಕೊಂಡವನೂ ಒಂದೇ ಅಜ್ಞಾನಕ್ಕೆ ಬಲಿಯಾದವರು.

ಈ ಪ್ರಮೇಯದ ಪರಿಶೀಲನೆಗೆ ಮುಂಬಯಿಯ ಧಾರಾವಿಯನ್ನು ಆರಿಸಿಕೊಳ್ಳಲು ಕಾರಣವುಂಟು. ಮಾಹಿಮ್ ಖಾರಿ ಮತ್ತು ಮಿಠೀ ನದಿಯ ಅಂಚಿನಲ್ಲಿದ್ದ ಈ ಕೋಳಿ ಬೆಸ್ತರ ಹಳ್ಳಿಯ ಬಳಿ ಆಂಗ್ಲರು ೧೭೩೭ರಲ್ಲಿ ಕಟ್ಟಿಸಿದ ಕಾಳಾ ಕಿಲ್ಲಾ ಇಂದಿಗೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಚರ್ಮ ಹದಮಾಡುವ ಉದ್ಯಮ ನೆಲೆಗೊಂಡಿತು. ಅನಂತರ ತಮಿಳರು, ಗುಜರಾತಿನ ಕುಂಬಾರರು, ಮರಾಠಿಗರು, ತೆಲುಗರು, ಉತ್ತರಭಾರತೀಯರು ಮತ್ತು ಕನ್ನಡಿಗರು ದುಡಿಮೆಗಾಗಿ ಬಂದು ಸೇರಿದರು. ಮಗ್ಗುಲಲ್ಲೇ ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮಿನ ಕರ್ನಾಟಕ ಸಂಘ ಮೊದಲಾದ ಕನ್ನಡ ಸಂಸ್ಥೆಗಳಿವೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಧಾರಾವಿಯ ಗುಜರಿ ವ್ಯಾಪಾರವು ತೂಕದ ಬೆಲೆಯ ಒಂದು ಸಮಗ್ರ ಲೋಕವಾಗಿದೆ. ಅಲ್ಲಿ ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂಗಳನ್ನು ಬಣ್ಣ ನೋಡಿ, ಅರದಿಂದ ಉಜ್ಜಿ, ಅಯಸ್ಕಾಂತ ಹಿಡಿದು ವಿಂಗಡಿಸುತ್ತಾರೆ. ತೂಕದ ಬೆಲೆಯನ್ನು ಧಾರಾವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಸರಿನ ಬೆಲೆಯ ಜ್ಞಾನವಾದರೋ ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಹರಾಜುಮನೆಗಳಲ್ಲಿ ಉಳಿದುಕೊಂಡಿದೆ.

೨

ನಾಣ್ಯಪರೀಕ್ಷೆಯ ಪರಂಪರೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕನದ ಮೇಲ್ವಿಚಾರಣೆಗೆ ಲಕ್ಷಣಾಧ್ಯಕ್ಷನೂ, ಚಲಾವಣೆಯಲ್ಲಿರುವ ಹಾಗೂ ಬೊಕ್ಕಸಕ್ಕೆ ಸಲ್ಲುವ ನಾಣ್ಯಗಳ ಪರೀಕ್ಷೆಗೆ ರೂಪದರ್ಶಕನೂ ಬೇರೆಬೇರೆಯಾಗಿ ಹೇಳಲ್ಪಟ್ಟಿದ್ದಾರೆ. ಪರೀಕ್ಷೆಗಾಗಿಯೇ ನೂರಕ್ಕೆ ಎಂಟನೆಯ ಒಂದು ಭಾಗದ ಶುಲ್ಕವನ್ನು ವಿಧಿಸಲಾಗಿದೆ. ನಾಣ್ಯವನ್ನು ಮಾಡುವವನೇ ಅದರ ಸಾಚಾತನಕ್ಕೆ ಸಾಕ್ಷಿಯಾಗಬಾರದು ಎಂಬ ತತ್ವ ಇಲ್ಲಿ ಅಡಕವಾಗಿದೆ. ಇಂದಿನ ಮಾರಾಟಗಾರನೇ ತನ್ನ ನಾಣ್ಯಕ್ಕೆ ಪ್ರಮಾಣಪತ್ರ ಬರೆದುಕೊಡುವ ಪದ್ಧತಿಯನ್ನು ಈ ತತ್ವದ ಬೆಳಕಿನಲ್ಲಿ ನೋಡಿದರೆ ಅದರ ದೌರ್ಬಲ್ಯ ತಾನಾಗಿ ಗೋಚರಿಸುತ್ತದೆ.

ದೆಹಲಿಯ ಸುಲ್ತಾನರ ಟಂಕಸಾಲೆಯಲ್ಲಿ ಅನುಭವ ಪಡೆದ ಠಕ್ಕುರ ಫೇರು ಎಂಬ ಜೈನನು ೧೩೧೮ರಲ್ಲಿ ದ್ರವ್ಯಪರೀಕ್ಷಾ ಎಂಬ ಗ್ರಂಥವನ್ನು ರಚಿಸಿದನು. ಆ ಕಾಲದಲ್ಲಿ ದೆಹಲಿಗೆ ಬಂದು ಸೇರುತ್ತಿದ್ದ ನಾನಾ ರಾಜ್ಯಗಳ ನಾಣ್ಯಗಳ ತೂಕ, ಅವುಗಳಲ್ಲಿನ ಬೆಳ್ಳಿಬಂಗಾರಗಳ ಪ್ರಮಾಣ ಮತ್ತು ವಿನಿಮಯದ ಬೆಲೆಗಳನ್ನು ಅದರಲ್ಲಿ ಪಟ್ಟಿಮಾಡಲಾಗಿದೆ. ದೇವಗಿರಿಯ ನಾಣ್ಯಗಳೂ ಅದರಲ್ಲಿ ಸೇರಿವೆ. ಗಮನಿಸಬೇಕಾದ ಅಂಶವೆಂದರೆ, ಫೇರುವಿಗೆ ಅರಸನ ಕೀರ್ತಿಯಲ್ಲಿ ಆಸಕ್ತಿಯಿಲ್ಲ. ಯಾರ ಹೆಸರಿದ್ದರೂ ಸರಿಯೇ, ಕರಗಿಸಿದರೆ ಎಷ್ಟು ಬರುತ್ತದೆ ಎಂಬುದೇ ಅವನ ಪ್ರಶ್ನೆ. ತೂಕದ ಬೆಲೆಯನ್ನು ಹೆಸರಿನ ಬೆಲೆಯಿಂದ ಬಿಡಿಸಿ ನೋಡುವ ದೃಷ್ಟಿ ಇಷ್ಟು ವ್ಯವಸ್ಥಿತವಾಗಿ ಮೂಡಿದ ಗ್ರಂಥಗಳು ಮಧ್ಯಕಾಲದಲ್ಲಿ ಅಪರೂಪ.

ಕನ್ನಡ ನಾಡಿನಲ್ಲಿ ಈ ಎರಡೂ ದೃಷ್ಟಿಗಳು ಒಟ್ಟಿಗೆ ಬೆಳೆದುವು. ಶಾಸನಗಳು ದತ್ತಿಯ ಮೊತ್ತವನ್ನು ಹೇಳುವಾಗ ಬರಿಯ ಗದ್ಯಾಣವೆನ್ನದೆ ಲೊಕ್ಕಿ ಗದ್ಯಾಣವೆಂದು ಹೆಸರಿಸುವುದುಂಟು. ಲೊಕ್ಕಿಗುಂಡಿ ಎಂದರೆ ಇಂದಿನ ಲಕ್ಕುಂಡಿ. ಅಲ್ಲಿನ ಕಮ್ಮಟದ ನಾಣ್ಯಕ್ಕೆ ಪ್ರತ್ಯೇಕವಾದ ಮನ್ನಣೆಯಿತ್ತು. ಚಿನ್ನದ ಶುದ್ಧಿಯನ್ನು ಬಣ್ಣವೆಂಬ ಮಾತಿನಿಂದ ಅಳೆಯುತ್ತಿದ್ದರು. ಒರೆಗಲ್ಲು ಅದರ ಸಾಧನ. ನಾಣ್ಯಗಳನ್ನು ಪರೀಕ್ಷಿಸಿ ಬದಲಾಯಿಸಿಕೊಡುವವನು ಚಿನಿವಾರ. ಪತ್ರಿಕೆಗಳು ಇಂದಿಗೂ ಬಂಗಾರದ ಮಾರುಕಟ್ಟೆಯನ್ನು ಚಿನಿವಾರಪೇಟೆ ಎಂದೇ ಕರೆಯುತ್ತಿರುವುದು ಈ ವೃತ್ತಿಯ ನೆನಪು. ಬಸವಣ್ಣನವರು ಮರ್ತ್ಯಲೋಕವನ್ನು ದೇವರ ಕಮ್ಮಟಕ್ಕೆ ಹೋಲಿಸಿದ ವಚನವು ಪ್ರಸಿದ್ಧವಾದುದು. ಆ ಹೋಲಿಕೆಗೆ ಆಧಾರವಾದ ‘ಸಲ್ಲು’ ಎಂಬ ಕ್ರಿಯಾಪದವು ನಾಣ್ಯದ ಸಾಚಾತನವನ್ನೂ ವ್ಯಕ್ತಿಯ ಯೋಗ್ಯತೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಸಲ್ಲದ ನಾಣ್ಯದ ಅನುಭವ ಜನಸಾಮಾನ್ಯರಿಗೆ ಇದ್ದುದರಿಂದಲೇ ಆ ಮಾತು ಅವರಿಗೆ ನೇರವಾಗಿ ತಟ್ಟಿತು.

೩

ಮುಂಬಯಿಯ ಮಟ್ಟಿಗೆ ಹೇಳುವುದಾದರೆ, ಈಸ್ಟ್ ಇಂಡಿಯಾ ಕಂಪನಿಯ ಟಂಕನಕಾರ್ಯವು ೧೬೭೦ರ ದಶಕದಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದಲ್ಲಿ ಆರಂಭವಾಯಿತು. ಚಿನ್ನದ್ದಕ್ಕೆ ಕ್ಯಾರೊಲಿನಾ, ಬೆಳ್ಳಿಯದಕ್ಕೆ ಆಂಗ್ಲಿನಾ, ತಾಮ್ರದ್ದಕ್ಕೆ ಕಾಪರೂನ್, ತವರದ್ದಕ್ಕೆ ಟಿನ್ನಿ ಎಂದು ಹೆಸರಿಟ್ಟರು. ಇಂಗ್ಲೆಂಡಿನ ದೊರೆ ೧೬೭೬ರಲ್ಲಿ ಟಂಕನದ ಅಧಿಕಾರಪತ್ರವನ್ನೂ ಕೊಟ್ಟನು. ಆದರೆ ಒಳನಾಡಿನ ಪೇಟೆಗಳಲ್ಲಿ ಈ ಹೊಸ ಹೆಸರುಗಳಿಗೆ ಮನ್ನಣೆ ದೊರೆಯಲಿಲ್ಲ. ಬೆಳ್ಳಿ ಒಳ್ಳೆಯದಿದ್ದರೆ ಸಾಲದು, ಪರಿಚಿತವಾದ ಹೆಸರೂ ಬೇಕು ಎಂಬುದು ಕಂಪನಿಗೆ ಮನದಟ್ಟಾಯಿತು. ೧೭೧೭ರಲ್ಲಿ ಫರೂಖ್‌ಸಿಯರನ ಫರ್ಮಾನನ್ನು ಪಡೆದು ಮೊಗಲ್ ಚಕ್ರವರ್ತಿಯ ಹೆಸರಿನಲ್ಲಿಯೇ ಮುಂಬಯಿಯಲ್ಲಿ ರೂಪಾಯಿ ಹೊಡೆಯುವ ಹಕ್ಕನ್ನು ಅದು ಗಳಿಸಿಕೊಂಡಿತು.

ಆ ಕಾಲದ ಸರಾಫರ ಆದಾಯದ ಮೂಲ ವಟ್ಟ. ಒಂದು ನಾಣ್ಯಕ್ಕೆ ಇನ್ನೊಂದನ್ನು ಕೊಡುವಾಗ ಕಳೆಯುವ ಮೊತ್ತವೇ ವಟ್ಟ. ಸವಕಳಿಗೆ, ಕೀಳು ಲೋಹಕ್ಕೆ ವಟ್ಟ ಕಳೆಯುವುದು ನ್ಯಾಯ. ಆದರೆ ಬಂಗಾಳದಲ್ಲಿ ರೂಢಿಯಲ್ಲಿದ್ದ ಕ್ರಮ ಬೇರೆ. ಟಂಕಿಸಿದ ವರ್ಷದಲ್ಲಿ ಸಿಕ್ಕಾ ರೂಪಾಯಿಗೆ ಪೂರ್ಣ ಬೆಲೆ, ಮರುವರ್ಷ ನೂರಕ್ಕೆ ೩ರಷ್ಟು ಕಡಿತ, ಅನಂತರ ೫ರಷ್ಟು. ತೂಕದಲ್ಲಿ ಏನೂ ವ್ಯತ್ಯಾಸವಾಗದಿದ್ದರೂ ಮೇಲಿನ ಇಸವಿ ಹಳೆಯದಾಯಿತೆಂಬ ಒಂದೇ ಕಾರಣದಿಂದ ಬೆಲೆ ಇಳಿಯುತ್ತಿತ್ತು. ಕಂದಾಯ ಕಟ್ಟುವ ರೈತನು ಈ ಹೆಸರಿನ ಬೆಲೆಯ ಇಳಿಕೆಯನ್ನು ತನ್ನ ಬೆವರಿನಿಂದ ತುಂಬಿಕೊಡಬೇಕಾಗಿತ್ತು.

ಇದನ್ನು ತಡೆಯಲು ಕಂಪನಿ ನಾಣ್ಯದ ಮೇಲಿನ ವರ್ಷವನ್ನೇ ನಿಲ್ಲಿಸಿಬಿಟ್ಟಿತು. ಬಂಗಾಳದ ರೂಪಾಯಿಗಳ ಮೇಲೆ ಷಾ ಆಲಮನ ಆಳ್ವಿಕೆಯ ೧೯ನೆಯ ವರ್ಷವೇ ಕಾಯಂ ಆಯಿತು. ೧೮೦೦ರಲ್ಲಿ ಸೂರತ್ ಕಂಪನಿಯ ವಶವಾದ ಮೇಲೆ ಸೂರತಿನ ಮಾದರಿಯ ರೂಪಾಯಿಗಳನ್ನು ಮುಂಬಯಿಯಲ್ಲಿ ಹೊಡೆಯಲಾಯಿತು. ಅವುಗಳ ಮೇಲೆ ೪೬ನೆಯ ವರ್ಷ, ಎಂದರೆ ಸುಮಾರು ೧೮೦೪, ಸ್ಥಿರವಾಗಿ ಉಳಿಯಿತು. ಚಕ್ರವರ್ತಿ ೧೮೦೬ರಲ್ಲಿ ತೀರಿಕೊಂಡ ಮೇಲೂ ಆ ವರ್ಷ ಬದಲಾಗಲಿಲ್ಲ. ಅಂದಿನ ವಂಚನೆಯನ್ನು ತಡೆಯಲು ಮಾಡಿದ ಈ ಉಪಾಯವು ಇಂದು ಬೇರೊಂದು ವಂಚನೆಗೆ ಅವಕಾಶವಾಗಿದೆ. ಕಂಪನಿಯು ಮುಂಬಯಿಯಲ್ಲಿ ಹೊಡೆದ, ವಿಪುಲವಾಗಿ ದೊರೆಯುವ ರೂಪಾಯಿಯನ್ನು ಮೊಗಲರ ಸೂರತ್ ಟಂಕಸಾಲೆಯ ಅಪೂರ್ವ ನಾಣ್ಯವೆಂದು ಮಾರುವವರಿದ್ದಾರೆ. ನಾಣ್ಯದ ಮೇಲೆ ಬರೆದಿರುವುದು ಸುಳ್ಳಲ್ಲ. ಅದನ್ನು ಓದುವ ಕ್ರಮ ಗೊತ್ತಿರಬೇಕಷ್ಟೆ.

ಮುಂಬಯಿಯ ಈಗಿನ ಟಂಕಸಾಲೆಯ ಕಟ್ಟಡವು ೧೮೨೪ರಿಂದ ೧೮೩೦ರ ಅವಧಿಯಲ್ಲಿ ಮೇಜರ್ ಜಾನ್ ಹಾಕಿನ್ಸನ ಮೇಲ್ವಿಚಾರಣೆಯಲ್ಲಿ ನಿರ್ಮಾಣವಾಯಿತು. ಉಗಿಯಂತ್ರಗಳಿಂದ ಒಂದೇ ಅಳತೆಯ, ಅಂಚಿಗೆ ಗೀರುಗಳುಳ್ಳ ನಾಣ್ಯಗಳು ಹೊರಬಂದವು. ೧೮೩೫ರ ಕಾಯಿದೆಯಿಂದ ಕಂಪನಿಯ ಆಳ್ವಿಕೆಯಿದ್ದ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ ಗೊತ್ತಾಯಿತು. ಅದರ ತೂಕ ೧೮೦ ಗ್ರೇನ್, ಎಂದರೆ ೧೧.೬೬ ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದು ತೊಲ ಎಂಬ ತೂಕವೂ ಇದೇ ಆದ್ದರಿಂದ ಅಕ್ಕಸಾಲಿಗರು ರೂಪಾಯಿಯನ್ನೇ ತೊಲದ ಬಟ್ಟಾಗಿ ತಕ್ಕಡಿಯಲ್ಲಿ ಇಡುತ್ತಿದ್ದರು. ತೂಕದ ಬೆಲೆಯೂ ಹೆಸರಿನ ಬೆಲೆಯೂ ಇಷ್ಟು ಹತ್ತಿರ ಬಂದ ಕಾಲ ಇನ್ನೊಂದಿಲ್ಲ. ಅಂತರ ಕಡಿಮೆಯಾದಂತೆ ವಟ್ಟದ ವ್ಯಾಪಾರವೂ ಕುಗ್ಗಿತು.

೪

ಆದರೂ ಕನ್ನಡಿಗರ ಒಂದು ವರ್ಗಕ್ಕೆ ವಟ್ಟದ ಕಾಟ ೧೯೫೦ರ ದಶಕದವರೆಗೂ ತಪ್ಪಲಿಲ್ಲ. ವಿಜಯಪುರ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿಂದ ಮುಂಬಯಿಗೆ ಬಂದವನ ಜೇಬಿನ ರೂಪಾಯಿ ಹಾಗೆಯೇ ಸಲ್ಲುತ್ತಿತ್ತು. ಕಲಬುರಗಿ, ರಾಯಚೂರು, ಬೀದರಗಳು ನಿಜಾಮನ ರಾಜ್ಯದಲ್ಲಿದ್ದುವು. ಅಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ. ಯಂತ್ರದಿಂದ ಹೊಡೆದದ್ದೆಂಬ ಅರ್ಥದಲ್ಲಿ ಬ್ರಿಟಿಷ್ ರೂಪಾಯಿಯನ್ನು ಕಲ್ದಾರ ಎನ್ನುತ್ತಿದ್ದರು. ೧೮೭೧ರಲ್ಲಿ ರೈಲುಮಾರ್ಗ ರಾಯಚೂರನ್ನು ಮುಟ್ಟಿದ ಮೇಲೆ ಈ ಭಾಗದ ದುಡಿಯುವ ಜನ ಮುಂಬಯಿಗೆ ಬರುವುದು ಸುಲಭವಾಯಿತು. ಬರುವಾಗ ಹಾಲಿಯನ್ನು ಕಲ್ದಾರಕ್ಕೂ, ಊರಿಗೆ ಮರಳುವಾಗ ಕಲ್ದಾರವನ್ನು ಹಾಲಿಗೂ ಬದಲಾಯಿಸಬೇಕು. ಎರಡು ಸಲವೂ ಸರಾಫನ ಕಟ್ಟೆಯನ್ನು ಹತ್ತಲೇಬೇಕು.

ಸರ್ಕಾರಿ ವಿನಿಮಯದರ ೭ ಹಾಲಿಗೆ ೬ ಕಲ್ದಾರ. ಈ ದರ ಯಾದೃಚ್ಛಿಕವಲ್ಲ. ಚಾರ್‌ಮಿನಾರ್ ಚಿತ್ರವುಳ್ಳ ಹೈದರಾಬಾದಿನ ಬೆಳ್ಳಿ ರೂಪಾಯಿಯ ತೂಕ ಸುಮಾರು ೧೧.೧೮ ಗ್ರಾಂ, ಬೆಳ್ಳಿಯ ಪಾಲು ಸಾವಿರಕ್ಕೆ ೮೧೮. ಎಂದರೆ ಒಳಗಿರುವ ಶುದ್ಧ ಬೆಳ್ಳಿ ೯.೧೪ ಗ್ರಾಂ. ಬ್ರಿಟಿಷ್ ರೂಪಾಯಿಯಲ್ಲಿ ಶುದ್ಧ ಬೆಳ್ಳಿ ೧೦.೬೯ ಗ್ರಾಂ. ಏಳು ಹಾಲಿಗಳಲ್ಲಿ ಸುಮಾರು ೬೪ ಗ್ರಾಂ ಬೆಳ್ಳಿ, ಆರು ಕಲ್ದಾರಗಳಲ್ಲಿಯೂ ಸುಮಾರು ೬೪ ಗ್ರಾಂ. ಹೀಗೆ ಎರಡು ಹೆಸರುಗಳ ಹಿಂದೆ ಒಂದೇ ತೂಕವಿತ್ತು. ಈ ಲೆಕ್ಕ ತಿಳಿದವನಿಗೆ ೧೦೦ ಹಾಲಿಗೆ ೮೫ ಕಲ್ದಾರಕ್ಕಿಂತ ತುಸು ಹೆಚ್ಚು ಬರಬೇಕೆಂಬುದು ಗೊತ್ತು. ೮೦ ಕೊಟ್ಟರೆ ಉಳಿದುದು ಯಾರ ಪಾಲಾಯಿತೆಂಬುದೂ ಗೊತ್ತು. ಲೆಕ್ಕ ತಿಳಿಯದವನಿಗೆ ಸರಾಫ ಹೇಳಿದ್ದೇ ದರ. ೧೯೫೦ರಲ್ಲಿ ಭಾರತದ ರೂಪಾಯಿ ಆ ಪ್ರದೇಶಕ್ಕೂ ಬಂದು, ೧೯೫೯ರಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಪೂರ್ತಿ ಮರೆಯಾಯಿತು.

ನಾಣ್ಯ ಮರೆಯಾದರೂ ಬೆಳ್ಳಿ ಮನೆಯಲ್ಲಿ ಉಳಿಯಿತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಸ್ತ್ರೀಧನದಲ್ಲಿ ರೂಪಾಯಿಗಳಿಗೂ ನಾಣ್ಯಗಳಿಂದ ಕಟ್ಟಿದ ಸರಗಳಿಗೂ ಸ್ಥಾನವಿತ್ತು. ಪುತಳಿಸರ ಇದಕ್ಕೆ ಪ್ರಸಿದ್ಧ ಉದಾಹರಣೆ. ಪುತಳಿಯೆಂಬುದು ಮೂಲತಃ ಇಟಲಿಯ ವೆನಿಸ್ ಗಣರಾಜ್ಯದ ಡುಕಾಟ್. ಸಂತನ ಮುಂದೆ ಮಂಡಿಯೂರಿದ ಅಧಿಪತಿಯ ಚಿತ್ರವು ನಮ್ಮವರ ಕಣ್ಣಿಗೆ ಗೊಂಬೆಯಂತೆ ಕಂಡು ಪುತಳಿಯಾಯಿತು. ಅದರ ತೂಕ ಸುಮಾರು ೩.೫ ಗ್ರಾಂ, ಚಿನ್ನ ಬಹುತೇಕ ಅಪ್ಪಟ. ಬೇಡಿಕೆ ಹೆಚ್ಚಿದಂತೆ ಇಲ್ಲಿಯ ಅಕ್ಕಸಾಲಿಗರೇ ಅದರ ಅನುಕರಣೆಗಳನ್ನು ಮಾಡಿದರು. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಅರ್ಥವಿಲ್ಲದ ಗೆರೆಗಳಾಗಿ ಮಾರ್ಪಟ್ಟಿವೆ. ಇವು ಆಭರಣಕ್ಕಾಗಿ ಮಾಡಿದವು, ವಂಚನೆಗಾಗಿ ಅಲ್ಲ. ಆದರೆ ಇಂದು ಸಂಗ್ರಾಹಕನ ಮುಂದೆ ಅವನ್ನು ವೆನಿಸಿನದೆಂದು ಇಟ್ಟಾಗ ವಂಚನೆ ಆರಂಭವಾಗುತ್ತದೆ.

೫

ಎರಡನೆಯ ಮಹಾಯುದ್ಧವು ಈ ಕಥೆಯನ್ನು ತಿರುವುಮುರುವು ಮಾಡಿತು. ೧೯೪೦ರಲ್ಲಿ ರೂಪಾಯಿಯ ಬೆಳ್ಳಿಯನ್ನು ಸಾವಿರಕ್ಕೆ ೯೧೭ರಿಂದ ೫೦೦ಕ್ಕೆ ಇಳಿಸಲಾಯಿತು. ೧೯೪೧ರಿಂದ ೧೯೪೩ರವರೆಗೆ ಹಳೆಯ ಬೆಳ್ಳಿ ರೂಪಾಯಿಗಳನ್ನು ಹಂತಹಂತವಾಗಿ ಹಿಂತೆಗೆದುಕೊಂಡರು. ೧೯೪೭ರಿಂದ ರೂಪಾಯಿ ನಿಕಲ್ಲಿನದಾಯಿತು. ಅಲ್ಲಿಂದಾಚೆಗೆ ಹಳೆಯ ನಾಣ್ಯಕ್ಕೆ ಹಣವಾಗಿ ಸಲ್ಲುವ ಗುಣ ಹೋಯಿತು. ಲೋಹವಾಗಿ ಅಥವಾ ಸಂಗ್ರಹಯೋಗ್ಯ ವಸ್ತುವಾಗಿ ಸಲ್ಲುವ ಗುಣ ಉಳಿಯಿತು. ಹಿಂದೆ ಸರಾಫನು ಹೆಸರಿನ ನೆಪದಲ್ಲಿ ತೂಕಕ್ಕಿಂತ ಕಡಿಮೆ ಕೊಡುತ್ತಿದ್ದನು. ಈಗ ಹೆಸರಿನ ಬೆಲೆ ಕೆಲವೊಮ್ಮೆ ತೂಕದ ಬೆಲೆಯ ನೂರಾರು ಪಾಲಾಗಿರುವುದರಿಂದ, ಅದನ್ನು ಮರೆಮಾಚಿ ಕೊಳ್ಳುವುದೂ, ಇಲ್ಲದ ಹೆಸರನ್ನು ಹಚ್ಚಿ ಮಾರುವುದೂ ಲಾಭಕರವಾಯಿತು.

ಮೊದಲನೆಯದಾಗಿ ತೂಕದ ಮೋಸವನ್ನು ನೋಡಬಹುದು. ೧೯೧೭ರ ರೂಪಾಯಿ ಮತ್ತು ೧೯೪೪ರ ರೂಪಾಯಿ ಎರಡೂ ತಕ್ಕಡಿಯಲ್ಲಿ ೧೧.೬೬ ಗ್ರಾಂ ತೂಗುತ್ತವೆ; ಆದರೆ ಮೊದಲನೆಯದರಲ್ಲಿ ೧೦.೬೯ ಗ್ರಾಂ, ಎರಡನೆಯದರಲ್ಲಿ ಕೇವಲ ೫.೮೩ ಗ್ರಾಂ ಬೆಳ್ಳಿ. ಮಿಶ್ರವಾಗಿ ತೂಗಿ ಒಂದೇ ದರ ಕಟ್ಟಿದರೆ ಮಾರುವವನಿಗೆ ಹಾನಿ. ಇಸವಿಯಂತೆ ವಿಂಗಡಿಸಿಕೊಂಡೇ ಅಂಗಡಿಗೆ ಹೋಗುವುದು ಇದಕ್ಕೆ ಪರಿಹಾರ. ಖೋಟಾ ಬೆಳ್ಳಿಯನ್ನು ಪತ್ತೆಹಚ್ಚಲು ನೀರಿನ ಪರೀಕ್ಷೆ ಸರಳವಾದುದು. ಹಳೆಯ ಬೆಳ್ಳಿ ರೂಪಾಯಿಯ ವಿಶಿಷ್ಟ ಸಾಂದ್ರತೆ ಸುಮಾರು ೧೦.೩. ದಾರದಿಂದ ಕಟ್ಟಿ ನೀರಿನಲ್ಲಿ ತೂಗಿದರೆ ತೂಕದಲ್ಲಿ ಸುಮಾರು ೧.೧೩ ಗ್ರಾಂ ಕಡಿಮೆಯಾಗಬೇಕು. ಅದೇ ತೂಕದ ಹಿತ್ತಾಳೆಯ ಬಿಲ್ಲೆಗೆ ಬೆಳ್ಳಿಯ ಮೆರುಗು ಕೊಟ್ಟಿದ್ದರೆ ಇಳಿಕೆ ೧.೩ ಗ್ರಾಂ ದಾಟುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಎರಕದ ಖೋಟಾ ನಾಣ್ಯದಲ್ಲಿ ಗಾಳಿಗುಳ್ಳೆಗಳ ಸಣ್ಣ ಕುಳಿಗಳೂ, ಅಂಚಿನ ಸುತ್ತ ಎರಡು ಅರ್ಧಗಳ ಬೆಸುಗೆಗೆರೆಯೂ, ಮಬ್ಬಾದ ಅಕ್ಷರಗಳೂ ಕಾಣುತ್ತವೆ.

ಎರಡನೆಯದು ಹೆಸರಿನ ಮೋಸ. ಇದರಲ್ಲಿ ಲೋಹವು ಸಾಚಾ ಆಗಿದ್ದರೂ ನಾಣ್ಯ ಸಾಚಾ ಆಗಿರುವುದಿಲ್ಲವಾದ್ದರಿಂದ ತಕ್ಕಡಿಯೂ ನೀರೂ ನೆರವಿಗೆ ಬಾರವು. ೧೯೩೯ರ ಇಸವಿಯುಳ್ಳ ಆರನೆಯ ಜಾರ್ಜನ ಮುಂಬಯಿ ರೂಪಾಯಿ ಬಹಳ ವಿರಳ. ೧೯೩೮ರದು ಸುಲಭವಾಗಿ ದೊರೆಯುತ್ತದೆ. ಕೊನೆಯ ಅಂಕೆಯನ್ನು ಕೊರೆದು ತಿದ್ದಿದರೆ ಸಾಕು, ಬೆಲೆ ಹಲವು ಪಾಲು ಏರುತ್ತದೆ. ಆದುದರಿಂದ ಇಂಥ ನಾಣ್ಯದಲ್ಲಿ ಅಂಕೆಯ ಬುಡವನ್ನೂ ಸುತ್ತಣ ಮೈಯನ್ನೂ ಭೂತಗನ್ನಡಿಯಿಂದ ಪರೀಕ್ಷಿಸಬೇಕು. ೧೯೧೧ರ ಐದನೆಯ ಜಾರ್ಜನ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಹುಟ್ಟಿ, ಬಹುಭಾಗವನ್ನು ಹಿಂತೆಗೆದುಕೊಂಡು ಚಿತ್ರವನ್ನು ತಿದ್ದಲಾಯಿತು. ಹಂದಿ ರೂಪಾಯಿ ಎಂಬ ಹೆಸರಿಗೆ ಒಳ್ಳೆಯ ಬೆಲೆಯಿದೆ. ಆದರೆ ಆ ಕಥೆಯನ್ನು ಹೇಳಿ ೧೯೧೨ರ ಅನಂತರದ ಸಾಮಾನ್ಯ ರೂಪಾಯಿಯನ್ನು ಹೆಚ್ಚು ಬೆಲೆಗೆ ಮಾರುವುದೂ ಉಂಟು.

ಮೂರನೆಯ ಬಗೆ ಇನ್ನೂ ಸೂಕ್ಷ್ಮವಾದುದು. ಮುಂಬಯಿ ಮತ್ತು ಕಲ್ಕತ್ತಾ ಟಂಕಸಾಲೆಗಳು ಸಂಗ್ರಾಹಕರಿಗಾಗಿ ಹಳೆಯ ಅಚ್ಚುಗಳಿಂದ ನಾಣ್ಯಗಳನ್ನು ಮತ್ತೆ ಹೊಡೆದುಕೊಡುತ್ತಿದ್ದುವು. ಈ ಪದ್ಧತಿ ೧೯೭೦ರಲ್ಲಿ ನಿಂತಿತು. ಇವು ಖೋಟಾ ಅಲ್ಲ, ಸರ್ಕಾರಿ ಟಂಕಸಾಲೆಯವೇ. ಆದರೆ ಮೂಲ ನಾಣ್ಯವೂ ಅಲ್ಲ. ಮರುಟಂಕಿತವೆಂದು ಹೇಳಿ ಮಾರಿದರೆ ವ್ಯಾಪಾರ, ಮೂಲವೆಂದು ಹೇಳಿ ಮಾರಿದರೆ ವಂಚನೆ. ಕರ್ನಾಟಕದ ಕಂಠೀರಾಯಿ ಹಣದಲ್ಲಿಯೂ ಇಂಥ ಜಾಗರೂಕತೆ ಅವಶ್ಯ. ಕಂಠೀರವ ನರಸರಾಜ ಒಡೆಯರ (೧೬೩೮–೧೬೫೯) ಈ ಪುಟ್ಟ ಚಿನ್ನದ ನಾಣ್ಯದ ಒಂದು ಮುಖದಲ್ಲಿ ನರಸಿಂಹ, ಇನ್ನೊಂದರಲ್ಲಿ ನಾಗರಿ ಬರಹ. ಇದನ್ನೇ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮತ್ತೆ ಟಂಕಿಸಲಾಯಿತು. ಒಂದೇ ಹೆಸರು, ನಡುವೆ ಒಂದೂವರೆ ಶತಮಾನದ ಅಂತರ.

ನಾಲ್ಕನೆಯದು ಭಾವನೆಯ ಮೇಲೆ ನಿಂತ ಮೋಸ. ಶಿವಾಜಿಯ ಚಿನ್ನದ ಹೋನ್ ಅತ್ಯಂತ ವಿರಳವಾದ ನಾಣ್ಯ. ಹೋನ್ ಎಂಬ ಮಾತು ನಮ್ಮ ಹೊನ್ನಿನಿಂದಲೇ ಬಂದುದು. ಮಹಾರಾಷ್ಟ್ರದಲ್ಲಿ ಅದರ ಮೇಲಿನ ಅ‌ಭಿಮಾನ ಎಷ್ಟು ದೊಡ್ಡದೋ ಅದರ ನಕಲುಗಳ ಸಂಖ್ಯೆಯೂ ಅಷ್ಟೇ ದೊಡ್ಡದು. ಇನ್ನು ರಾಮ, ಹನುಮಂತ, ಲಕ್ಷ್ಮಿಯರ ಚಿತ್ರವೂ ‘ಈಸ್ಟ್ ಇಂಡಿಯಾ ಕಂಪನಿ, ೧೮೧೮’ ಎಂಬ ಬರಹವೂ ಇರುವ ತಾಮ್ರದ ಬಿಲ್ಲೆಗಳನ್ನು ದೈವಶಕ್ತಿಯುಳ್ಳ ನಾಣ್ಯಗಳೆಂದು, ಅಕ್ಕಿಕಾಳನ್ನು ಸೆಳೆಯುವ ಲೋಹವೆಂದು ಹೇಳಿ ಅಪಾರ ಮೊತ್ತಕ್ಕೆ ಮಾರಿದ ಪ್ರಕರಣಗಳು ಕರ್ನಾಟಕದಲ್ಲಿಯೂ ಪೋಲೀಸರ ಮುಂದೆ ಬಂದಿವೆ. ಕಂಪನಿಯ ಮದರಾಸಿನ ವರಹಗಳ ಮೇಲೆ ದೇವತಾಮೂರ್ತಿಗಳಿದ್ದುದು ನಿಜ. ಆ ಅರ್ಧಸತ್ಯವೇ ಈ ಸುಳ್ಳಿಗೆ ಆಸರೆ. ಆದರೆ ೧೮೧೮ರಲ್ಲಿ ಕಂಪನಿಯ ಮೂರು ಪ್ರಾಂತಗಳಿಗೂ ಬೇರೆಬೇರೆ ನಾಣ್ಯಪದ್ಧತಿಗಳಿದ್ದುವು. ಈ ಬಗೆಯ ಬಿಲ್ಲೆ ಅವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಇವು ಕಂಪನಿಯ ನಾಣ್ಯಗಳೇ ಅಲ್ಲದ, ಈಚೆಗೆ ಮಾಡಿದ ವಸ್ತುಗಳು.

೬

ಧಾರಾವಿಯಂಥ ನೆಲೆಯಲ್ಲಿ ಹಳೆಯ ನಾಣ್ಯವು ಹೊರಬರುವ ಸಂದರ್ಭಗಳು ಸಾಮಾನ್ಯವಾಗಿ ಕಷ್ಟದವು: ಕಾಯಿಲೆ, ಮದುವೆ, ಬಾಡಿಗೆಯ ಮುಂಗಡ, ಮನೆ ಖಾಲಿ ಮಾಡುವುದು. ೨೦೨೪ರಲ್ಲಿ ಪುನರಭಿವೃದ್ಧಿ ಯೋಜನೆಗಾಗಿ ಮನೆಮನೆಯ ಸಮೀಕ್ಷೆ ಆರಂಭವಾದುದನ್ನು ಇಲ್ಲಿ ನೆನೆಯಬಹುದು. ನೆಲೆ ಕದಲಿದಾಗ ಪೆಟ್ಟಿಗೆಯ ತಳದ ವಸ್ತುಗಳೂ ಕದಲುತ್ತವೆ. ಅವಸರದಲ್ಲಿ ಮಾರುವವನು ಮೊದಲು ಹೋಗುವುದು ಗಿರವಿ ಅಂಗಡಿಗೆ. ಅಲ್ಲಿ ದೊರೆಯುವುದು ತೂಕದ ಬೆಲೆ, ಅದರಲ್ಲಿಯೂ ಕರಗಿಸುವ ವೆಚ್ಚವನ್ನು ಕಳೆದುದು. ಕಾಳಬಾದೇವಿಯ ಝವೇರಿ ಬಜಾರಿನಲ್ಲಿ ಅದೇ ದಿನದ ಬೆಳ್ಳಿಯ ದರವನ್ನು ವಿಚಾರಿಸುವುದು ಕಷ್ಟವಲ್ಲ. ಆ ದರವನ್ನು ಮೇಲೆ ಹೇಳಿದ ಶುದ್ಧ ಬೆಳ್ಳಿಯ ತೂಕದಿಂದ ಗುಣಿಸಿದರೆ ಬರುವುದು ಕನಿಷ್ಠ ಬೆಲೆ. ಕರಗಿಸುವ ವೆಚ್ಚವನ್ನು ಬಿಟ್ಟರೆ ಅದಕ್ಕಿಂತ ಕಡಿಮೆಗೆ ಕೊಡಲು ಕಾರಣವಿಲ್ಲ. ಅನಂತರವೇ ಹೆಸರಿನ ಬೆಲೆಯ ವಿಚಾರ.

ಹೆಸರಿನ ಬೆಲೆಯನ್ನು ತಿಳಿಯಲು ಹರಾಜುಗಳಲ್ಲಿ ವಾಸ್ತವವಾಗಿ ಸಂದಾಯವಾದ ಬೆಲೆಗಳು ನಂಬಲರ್ಹವಾದ ಆಧಾರ. ಬೆಲೆಪಟ್ಟಿಯ ಪುಸ್ತಕಗಳಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ವ್ಯಾಪಾರಿ ಮಾರುವ ಬೆಲೆಯೇ ಹೊರತು ಕೊಳ್ಳುವ ಬೆಲೆಯಲ್ಲ. ನಡುವಣ ಅಂತರ ಅವನ ಜೀವನೋಪಾಯ. ಅಂತರವಿರುವುದೇ ಮೋಸವಲ್ಲ, ಅದನ್ನು ಮುಚ್ಚಿಡುವುದು ಮೋಸ. ನಾಣ್ಯದ ಸ್ಥಿತಿಯೂ ಬೆಲೆಯನ್ನು ನಿರ್ಧರಿಸುತ್ತದೆ. ಹುಣಿಸೆಹಣ್ಣಿನಿಂದಲೋ ಪುಡಿಯಿಂದಲೋ ತಿಕ್ಕಿ ಬೆಳಗಿಸಿದ ನಾಣ್ಯ ಸಂಗ್ರಾಹಕನ ದೃಷ್ಟಿಯಲ್ಲಿ ಕೆಟ್ಟಂತೆಯೇ. ಪಾತ್ರೆಗೆ ಗುಣವಾದ ಹೊಳಪು ನಾಣ್ಯಕ್ಕೆ ದೋಷ. ಸರವಾಗಿದ್ದಾಗ ಬೆಸೆದ ಕೊಂಡಿಯ ಗುರುತೂ ಬೆಲೆಯನ್ನು ತಗ್ಗಿಸುತ್ತದೆ. ಕೊಳ್ಳುವವನು ಚೋರ್ ಬಜಾರಿನಲ್ಲಿ ಕೊಂಡರೂ ಹರಾಜಿನಲ್ಲಿ ಕೊಂಡರೂ ನಾಣ್ಯದ ಹೆಸರು, ಇಸವಿ, ತೂಕ, ಮೂಲವೋ ಮರುಟಂಕಿತವೋ ಎಂಬುದನ್ನು ಬರೆದ ರಸೀದಿಯನ್ನೂ, ಖೋಟಾ ಎಂದು ತಿಳಿದರೆ ಹಿಂದಿರುಗಿಸುವ ಒಪ್ಪಂದವನ್ನೂ ಪಡೆಯಬೇಕು.

ಕಾನೂನಿನ ತಿಳಿವಳಿಕೆಯೂ ಮೋಸದಿಂದ ರಕ್ಷಣೆಯೇ. ೧೮೭೮ರ ನಿಧಿ ಕಾಯಿದೆಯಂತೆ ನೆಲದಲ್ಲಿ ಹುದುಗಿ ದೊರೆತ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕು. ಕರ್ನಾಟಕಕ್ಕೆ ೧೯೬೨ರ ಪ್ರತ್ಯೇಕ ಕಾಯಿದೆಯಿದೆ. ೧೯೭೨ರಲ್ಲಿ ಅಂಗೀಕೃತವಾಗಿ ೧೯೭೬ರಲ್ಲಿ ಜಾರಿಗೆ ಬಂದ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಪರವಾನಗಿಯಿಲ್ಲದೆ ಅದರ ವ್ಯಾಪಾರವನ್ನು ವೃತ್ತಿಯಾಗಿ ನಡೆಸುವುದೂ, ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವುದೂ ನಿಷಿದ್ಧ. ಈ ಭೇದ ತಿಳಿಯದವರನ್ನು, ಇದು ಮನೆಯಲ್ಲಿದ್ದರೆ ಪೋಲೀಸರು ಹಿಡಿಯುತ್ತಾರೆ ಎಂದು ಹೆದರಿಸಿ ಅಗ್ಗಕ್ಕೆ ಕಿತ್ತುಕೊಳ್ಳಲು ಅವಕಾಶವಾಗುತ್ತದೆ.

ಈಚಿನ ವಂಚನೆಯೊಂದು ಇದಕ್ಕೆ ವಿರುದ್ಧ ದಿಕ್ಕಿನದು. ೨೦೧೨ರಲ್ಲಿ ವೈಷ್ಣೋದೇವಿ ಮಂದಿರ ಮಂಡಳಿಯ ಬೆಳ್ಳಿಹಬ್ಬಕ್ಕೆ ಹೊರಡಿಸಿದ ೫ ಮತ್ತು ೧೦ ರೂಪಾಯಿಗಳ ನಾಣ್ಯಗಳು ಧಾರಾಳವಾಗಿ ಚಲಾವಣೆಗೆ ಬಂದಂಥವು. ಅವಕ್ಕೆ ಲಕ್ಷಗಟ್ಟಲೆ ಬೆಲೆಯೆಂದು ಜಾಹೀರಾತು ಮಾಡಿ, ಮಾರಲು ಬಂದವರಿಂದಲೇ ನೋಂದಣಿ ಶುಲ್ಕ, ತೆರಿಗೆ, ದಲ್ಲಾಳಿಯ ಪಾಲು ಎಂದು ಹಣ ಕೀಳುವ ಜಾಲಗಳು ಹುಟ್ಟಿಕೊಂಡುವು. ಭಾರತೀಯ ರಿಸರ್ವ್ ಬ್ಯಾಂಕು ೨೦೨೧ರ ಆಗಸ್ಟ್ ೪ರಂದು ಪ್ರಕಟಣೆ ಹೊರಡಿಸಿ, ಹಳೆಯ ನೋಟು ಮತ್ತು ನಾಣ್ಯಗಳ ಇಂಥ ವ್ಯವಹಾರಗಳಲ್ಲಿ ತಾನು ತೊಡಗಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಸ್ಪಷ್ಟಪಡಿಸಿತು. ಇಲ್ಲಿ ನಾಣ್ಯವು ಕೈಬದಲಾಗುವುದೇ ಇಲ್ಲ. ಮಾರಾಟವಾಗುವುದು ಬರಿಯ ಹೆಸರು. ಮಾರುವವನೇ ಮುಂಗಡ ಕೊಡಬೇಕೆಂದರೆ ಅದು ನಾಣ್ಯವ್ಯಾಪಾರವಲ್ಲ ಎಂಬ ಒಂದು ಸೂತ್ರವೇ ಇದಕ್ಕೆ ಸಾಕು.

೭

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಎರಡು ಬೆಲೆಗಳ ಅಂತರ ಕುಗ್ಗಿದಾಗ ವಂಚನೆ ಕುಗ್ಗಿದೆ, ಹಿಗ್ಗಿದಾಗ ಹಿಗ್ಗಿದೆ. ೧೮೩೫ರ ಸುಧಾರಣೆಯಲ್ಲಿ ಅಂತರವನ್ನು ಸರ್ಕಾರವೇ ಕುಗ್ಗಿಸಿತು. ಸಂಗ್ರಾಹಕರ ಪೇಟೆಯಲ್ಲಿ ಹಾಗೆ ಕುಗ್ಗಿಸುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ಹಿಂದಿನ ರೂಪದರ್ಶಕನ ಕೆಲಸವನ್ನು ಇಂದು ಕೊಳ್ಳುವವನೂ ಮಾರುವವನೂ ತಾವೇ ಮಾಡಿಕೊಳ್ಳಬೇಕಾಗಿದೆ. ತೂಕದ ಪರೀಕ್ಷೆ ಮೊದಲು, ಹೆಸರಿನ ಪರೀಕ್ಷೆ ಅನಂತರ, ಬೆಲೆಯ ಮಾತು ಕೊನೆಗೆ ಎಂಬ ಹಳೆಯ ಚಿನಿವಾರರ ಕ್ರಮ ಇಂದಿಗೂ ಸಿಂಧು.

ಹೊರನಾಡಿನ ಸಂಶೋಧಕರಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ಡಾ. ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳ ಚರಿತ್ರೆಯನ್ನು ಕಟ್ಟಿಕೊಟ್ಟಿದ್ದಾರೆ. ನಾಸಿಕದ ಬಳಿಯ ಆಂಜನೇರಿಯಲ್ಲಿ ನಾಣ್ಯಶಾಸ್ತ್ರದ ಸಂಶೋಧನ ಸಂಸ್ಥೆಯಿದೆ. ಮುಂಬಯಿಯ ಕೋಟೆ ಪ್ರದೇಶದಲ್ಲಿ ರಿಸರ್ವ್ ಬ್ಯಾಂಕು ೨೦೦೪ರಲ್ಲಿ ನಾಣ್ಯ ಸಂಗ್ರಹಾಲಯವನ್ನು ತೆರೆದಿದೆ. ಈ ತಿಳಿವಳಿಕೆಯನ್ನು ಮಾಹಿಮ್, ಮಾಟುಂಗಾಗಳ ಕನ್ನಡ ವೇದಿಕೆಗಳಿಂದ ಧಾರಾವಿಯ ಗಲ್ಲಿಗಳವರೆಗೆ ಕನ್ನಡದಲ್ಲಿಯೇ ತಲಪಿಸುವುದು ಕಷ್ಟಸಾಧ್ಯವೇನಲ್ಲ. ಒಂದು ಹಾಳೆಯಷ್ಟು ಪಟ್ಟಿ ಸಾಕು: ಯಾವ ಇಸವಿಯ ರೂಪಾಯಿಯಲ್ಲಿ ಎಷ್ಟು ಬೆಳ್ಳಿ, ಹಾಲಿ ಸಿಕ್ಕಾದಲ್ಲಿ ಎಷ್ಟು, ಯಾವುದನ್ನು ಕರಗಿಸುವ ಮುನ್ನ ತಿಳಿದವರಿಗೆ ತೋರಿಸಬೇಕು.

ಇದು ಬಡವರ ಬೆಳ್ಳಿಯನ್ನು ಕಾಪಾಡುವ ಮಾತು ಮಾತ್ರವಲ್ಲ. ತೂಕಕ್ಕೆ ಮಾರಿಹೋದ ನಾಣ್ಯ ಮೂಸೆ ಸೇರುತ್ತದೆ. ಅದರೊಡನೆ ಅದು ಯಾವ ಊರಿನದು, ಯಾವ ನಾಣ್ಯಗಳೊಡನೆ ಕೂಡಿತ್ತು, ಯಾರ ಮನೆಗೆ ಹೇಗೆ ಬಂತು ಎಂಬ ಸಾಕ್ಷ್ಯವೂ ಕರಗುತ್ತದೆ. ಇನ್ನೊಂದೆಡೆ ಖೋಟಾ ನಾಣ್ಯವು ಸಂಗ್ರಹದೊಳಕ್ಕೆ ನುಸುಳಿ ಮುಂದೆ ಯಾರೋ ಸಂಶೋಧಕನ ಪ್ರಬಂಧದಲ್ಲಿ ಆಧಾರವಾಗಿ ನಿಲ್ಲುತ್ತದೆ. ಒಂದು ಕಡೆ ನಿಜವು ನಾಶವಾಗಿ, ಇನ್ನೊಂದು ಕಡೆ ಸುಳ್ಳು ದಾಖಲೆಯಾದರೆ ಚರಿತ್ರೆಗೆ ಎರಡು ಪಟ್ಟು ನಷ್ಟ. ಕಲಬುರಗಿಯಿಂದ ಧಾರಾವಿಗೆ ಬಂದ ಮುದುಕಿಯೊಬ್ಬಳ ಗಂಟಿನಲ್ಲಿರುವ ನಾಲ್ಕು ಹಾಲಿ ರೂಪಾಯಿಗಳ ಸರಿಯಾದ ಬೆಲೆಯನ್ನು ಅವಳಿಗೆ ತಿಳಿಸುವುದೂ, ಕನ್ನಡಿಗರ ವಲಸೆಯ ಆರ್ಥಿಕ ಚರಿತ್ರೆಯ ಆಕರಗಳನ್ನು ಉಳಿಸಿಕೊಳ್ಳುವುದೂ ಬೇರೆಬೇರೆ ಕಾರ್ಯಗಳಲ್ಲವೆಂದು ಈ ದೃಷ್ಟಿಯಿಂದ ಹೇಳಬಹುದಾಗಿದೆ.